ಬರ್ಫಿ, ಮೈಸೂರು ಪಾಕ್ ನೀಟಾಗಿ ಒಂದೇ ಅಳತೆಗೆ ಕತ್ತರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬ ಹತ್ತಿರ ಬಂತೆಂದರೆ ಈ ದೂರು ಶುರು. ರುಚಿ ಸರಿಯಾಗಿದೆ, ತುಪ್ಪದ ಘಮ ಪಕ್ಕದ ಮನೆವರೆಗೂ ಹೋಗಿದೆ, ಆದರೆ ಚಾಕು ಇಟ್ಟ ತಕ್ಷಣ ಅರ್ಧ ಬಿಲ್ಲೆ, ಅರ್ಧ ಪುಡಿ. ಕೆಳಗಿನವು ಹೆಚ್ಚಾಗಿ ತಟ್ಟೆಗೆ ಸುರಿದು ಕತ್ತರಿಸುವ ನಮ್ಮ ಮನೆ ಸಿಹಿಗಳ ಪ್ರಶ್ನೆಗಳು: ಕೊಬ್ಬರಿ ಮಿಠಾಯಿ, ಸೆವೆನ್ ಕಪ್, ಮೈಸೂರು ಪಾಕ್, ಕಾಜು ಕಟ್ಲಿ, ಚಿಕ್ಕಿ, ಹಾಲುಬಾಯಿ. ಕೇಕ್ ಬಗ್ಗೆಯೂ ಒಂದೆರಡು ಮಾತು ಇದೆ. ಪೂರ್ತಿ ರೆಸಿಪಿ ಹೇಳುತ್ತಿಲ್ಲ, ಕತ್ತರಿಸೋಕೆ ಎಷ್ಟು ಬೇಕೋ ಅಷ್ಟೇ.

ಎಷ್ಟೇ ಹರಿತವಾದ ಚಾಕು ತಂದರೂ ಬರ್ಫಿ ಒಡೆಯುತ್ತದೆ, ಯಾಕೆ?

ಚಾಕುವನ್ನು ಬೈಯಬೇಡಿ, ಸಾಮಾನ್ಯವಾಗಿ ತಪ್ಪಿರುವುದು ಹೊತ್ತು. ಪಾಕದ ಸಿಹಿ ಬಾಣಲೆಯಿಂದ ತಟ್ಟೆಗೆ ಬಿದ್ದಾಗ ಅದರಲ್ಲಿನ ಸಕ್ಕರೆ ಬಹುಪಾಲು ಕರಗಿದ ಸ್ಥಿತಿಯಲ್ಲೇ ಇರುತ್ತದೆ. ಆರುತ್ತಾ ಹೋದಂತೆ ಹರಳುಗಟ್ಟುತ್ತದೆ, ಹರಳುಗಳು ಒಂದನ್ನೊಂದು ಹಿಡಿದುಕೊಂಡು ಬಿಗಿಯಾಗುತ್ತವೆ. ಹಾಗೆ ಪೂರ್ತಿ ಬಿಗಿದ ಮೇಲೆ ಚಾಕು ಒತ್ತಿದರೆ ಅದು ಕತ್ತರಿಸುವುದಿಲ್ಲ, ಸೀಳುತ್ತದೆ. ಸೀಳು ಎಲ್ಲಿ ಸಡಿಲ ಸಿಕ್ಕಿತೋ ಅತ್ತ ಓಡುತ್ತದೆ, ನಿಮ್ಮ ಗೆರೆ ಅದಕ್ಕೆ ಲೆಕ್ಕಕ್ಕಿಲ್ಲ. ತೀರಾ ಬೇಗ ಕತ್ತರಿಸಿದರೆ ಇನ್ನೊಂದು ತಾಪತ್ರಯ: ಚಾಕು ಹೋದ ದಾರಿ ಅದರ ಹಿಂದೆಯೇ ಮುಚ್ಚಿಕೊಳ್ಳುತ್ತದೆ, ಜೊತೆಗೆ ಅಂಚಿನಲ್ಲಿ ಒಂದಿಷ್ಟು ಎಳೆದುಕೊಂಡೂ ಹೋಗುತ್ತದೆ.

ಅದಕ್ಕೇ ಎರಡು ಸಲ ಕತ್ತರಿಸಬೇಕು. ಬಿಸಿ ಆರುವ ಮುಂಚೆ ಒಮ್ಮೆ ಗೆರೆ. ಆರಿದ ಮೇಲೆ ಅದೇ ಗೆರೆಯಲ್ಲಿ ಇನ್ನೊಮ್ಮೆ, ತಳದವರೆಗೆ. ಮೊದಲ ಗೆರೆ ಸೀಳಿಗೆ ದಾರಿ ಮಾಡಿಕೊಡುತ್ತದೆ, ಹಾಗಾಗಿ ಎರಡನೇ ಸಲ ಅದು ಬೇರೆ ಕಡೆ ಹೋಗುವುದಿಲ್ಲ. ಈ ಒಂದು ವಿಷಯ ಹಿಡಿದುಕೊಂಡರೆ ಮಿಕ್ಕ ಪ್ರಶ್ನೆಗಳಲ್ಲಿ ಅರ್ಧ ಓದಬೇಕಾಗಿಯೇ ಇಲ್ಲ.

ಗೆರೆ ಹಾಕುವ ಸಮಯ ಬಂತು ಅಂತ ತಿಳಿಯುವುದು ಹೇಗೆ? ಎಷ್ಟು ನಿಮಿಷ?

ನಿಮಿಷ ಹೇಳಿದರೆ ಮೋಸ ಹೋಗುತ್ತೀರಿ. ತಟ್ಟೆ ತೆಳುವೋ ದಪ್ಪವೋ, ಬರ್ಫಿ ಅರ್ಧ ಇಂಚೋ ಒಂದಿಂಚೋ, ಫ್ಯಾನ್ ಹಾಕಿದ್ದೀರೋ ಇಲ್ಲವೋ, ಎಲ್ಲದರ ಮೇಲೂ ನಿಂತಿದೆ. ಬೆರಳ ಹಿಂಬದಿಯನ್ನು ಮೇಲ್ಮೈಗೆ ಮೆಲ್ಲಗೆ ತಾಗಿಸಿ. ಅಂಟಿಕೊಂಡು ಬಂದರೆ ಇನ್ನೂ ಆಗಿಲ್ಲ. ಅಂಟದೆ, ಒತ್ತಿದ ಕಡೆ ಸಣ್ಣ ತಗ್ಗು ಬಿದ್ದು ಅದು ಹಾಗೇ ಉಳಿದರೆ, ಒಳಗೆ ಬಿಸಿ ಇನ್ನೂ ತಿಳಿಯುತ್ತಿದ್ದರೆ, ಅದೇ ಸಮಯ. ಚಾಕುವಿನ ತುದಿಯಿಂದ ಮೂಲೆಯಲ್ಲಿ ಒಂದಿಂಚು ಗೀರಿ ನೋಡಿದರೂ ಆಯಿತು. ಗೆರೆ ಮುಚ್ಚಿಕೊಳ್ಳದೆ ನಿಂತರೆ ಸರಿ. ಪುಡಿ ಎದ್ದರೆ ತಡವಾಗಿದೆ.

ಇನ್ನೊಂದು ಗಮನಿಸಿ. ಸ್ಟೀಲ್ ತಟ್ಟೆಯಲ್ಲಿ ಅಂಚು ಮೊದಲು ಆರುತ್ತದೆ, ನಡುಭಾಗ ಆಮೇಲೆ. ಅಂಚು ನೋಡಿ ಕತ್ತರಿಸಿದರೆ ನಡು ಕಲಸಿಹೋಗುತ್ತದೆ, ನಡು ಆಗಲಿ ಅಂತ ಕಾದರೆ ಅಂಚು ಕಲ್ಲಾಗಿರುತ್ತದೆ. ನನ್ನ ಪ್ರಕಾರ ಅಂಚನ್ನೇ ನಂಬಿ ಗೆರೆ ಹಾಕುವುದು ವಾಸಿ. ನಡುಭಾಗದ ಗೆರೆ ಸ್ವಲ್ಪ ಮುಚ್ಚಿಕೊಂಡರೂ ಎರಡನೇ ಸಲ ಸರಿ ಮಾಡಬಹುದು, ಕಲ್ಲಾದ ಅಂಚನ್ನು ಸರಿ ಮಾಡುವುದು ಕಷ್ಟ.

ಮೈಸೂರು ಪಾಕ್‌ಗೂ ಇದೇ ಲೆಕ್ಕವಾ?

ಲೆಕ್ಕ ಇದೇ, ಆದರೆ ಸಮಯ ತುಂಬಾ ಕಡಿಮೆ. ನಾನು ಹೇಳುತ್ತಿರುವುದು ಗೂಡು ಗೂಡಾಗಿ ಬರುವ ಗಟ್ಟಿ ಮೈಸೂರು ಪಾಕ್ ಬಗ್ಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಹೆಸರಿನ ಜೊತೆ ಬರುವ ಸಿಹಿ ಇದು. ಒಂದೆಳೆ ಪಾಕಕ್ಕೆ ಕಡಲೆ ಹಿಟ್ಟು ಬಿದ್ದು, ಕುದಿಯುವ ತುಪ್ಪ ಸೌಟು ಸೌಟಾಗಿ ಬೀಳುವಾಗ ಭುಸ್ಸೆಂದು ನೊರೆ ಏಳುತ್ತದಲ್ಲ, ಅದು ಪಾಕದಲ್ಲಿ ಉಳಿದ ನೀರು ಆವಿಯಾಗುತ್ತಿರುವುದು. ಆ ಆವಿ ಬಿಟ್ಟುಹೋದ ಜಾಗವೇ ಗೂಡು.

ಹಾಗಾಗಿ ತಟ್ಟೆಗೆ ಸುರಿದ ಮೇಲೆ ಮೇಲಿಂದ ಒತ್ತಿ ತಟ್ಟಬೇಡಿ. ಒತ್ತಿದಿರೋ ಗೂಡು ಕುಸಿಯಿತು. ತಟ್ಟೆಯನ್ನು ಅತ್ತಿತ್ತ ಅಲುಗಾಡಿಸಿ ಹರಡಿಸಿ, ಅಷ್ಟೇ. ಜಾಸ್ತಿ ತುಪ್ಪ ಮೇಲೆ ಬಂದರೆ ತಟ್ಟೆಯನ್ನು ಒಂದು ಕಡೆ ಎತ್ತಿ ಇಡಿ, ತುಪ್ಪ ಕೆಳಗಿನ ಅಂಚಿಗೆ ಇಳಿಯುತ್ತದೆ, ಚಮಚದಲ್ಲಿ ತೆಗೆದುಕೊಳ್ಳಬಹುದು.

ಗೆರೆಯನ್ನು ಸುರಿದ ಎರಡು ಮೂರು ನಿಮಿಷದಲ್ಲೇ ಹಾಕಬೇಕಾಗುತ್ತದೆ, ಅದೂ ಮೇಲೆ ಮೇಲೆ ಅಲ್ಲ, ಚಾಕು ತಟ್ಟೆಯ ತಳಕ್ಕೆ ತಾಗುವಷ್ಟು ಆಳಕ್ಕೆ. ಚಾಕುವನ್ನು ಎಳೆಯಬೇಡಿ. ನೇರ ಕೆಳಗೆ ಒತ್ತಿ, ನೇರ ಮೇಲೆ ಎತ್ತಿ, ಮುಂದೆ ಹೋಗಿ ಮತ್ತೆ ಒತ್ತಿ. ಎಳೆದರೆ ಗೂಡಿನ ಗೋಡೆಗಳೆಲ್ಲ ಒಂದು ಕಡೆ ವಾಲಿ ಹರಿದುಹೋಗುತ್ತವೆ, ಕತ್ತರಿಸಿದ ಬದಿಯಲ್ಲಿ ಗೂಡೇ ಕಾಣುವುದಿಲ್ಲ. ಒಂದು ಹತ್ತು ಹದಿನೈದು ನಿಮಿಷ ಬಿಟ್ಟು ಅದೇ ಗೆರೆಗಳಲ್ಲಿ ಇನ್ನೊಮ್ಮೆ ಚಾಕು ಇಳಿಸಿ. ಬಿಲ್ಲೆಗಳನ್ನು ಬಿಡಿಸುವುದು ಪೂರ್ತಿ ಆರಿದ ಮೇಲೆ.

ದಪ್ಪಕ್ಕೆ ಹಾಕಿದ್ದರೆ ಬಿಲ್ಲೆಯ ನಡುವೆ ಕಂದು ಬಣ್ಣದ ಪಟ್ಟೆ ಕಾಣಬಹುದು, ಮೇಲೆ ಕೆಳಗೆ ಹಳದಿ. ಹೆದರಬೇಡಿ, ಸೀದಿಲ್ಲ. ನಡುಭಾಗದಲ್ಲಿ ಬಿಸಿ ಜಾಸ್ತಿ ಹೊತ್ತು ಉಳಿದು ಅಲ್ಲಿ ಹಿಟ್ಟು ಇನ್ನಷ್ಟು ಹುರಿದುಕೊಂಡಿದೆ, ಅಷ್ಟೇ. ಅದನ್ನು ಕಂಡರೆ ಖುಷಿಪಡುವವರೂ ಇದ್ದಾರೆ, ನಾನೂ ಒಬ್ಬ.

ಬಾಯಲ್ಲಿಟ್ಟರೆ ಕರಗುವ ಮೆತ್ತನೆಯ ಮೈಸೂರು ಪಾಕ್?

ಅದಕ್ಕೆ ಅವಸರವೇ ಬೇಡ. ಅದು ಗಟ್ಟಿಯಾಗುವುದು ಹೆಚ್ಚಾಗಿ ತುಪ್ಪ ಹೆಪ್ಪುಗಟ್ಟಿ. ಹಾಗಾಗಿ ಪೂರ್ತಿ ಆರಲಿ, ಬೇಕಾದರೆ ಅರ್ಧ ದಿನ ಬಿಡಿ, ಆಮೇಲೆ ತೆಳು ಚಾಕುವಿನಲ್ಲಿ ಒಂದೇ ಸಲ ಕತ್ತರಿಸಿ. ಬೇಸಿಗೆಯಲ್ಲಿ ತುಪ್ಪ ಗಟ್ಟಿಯಾಗದಿದ್ದರೆ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ.

ಗೆರೆ ಹಾಕುವ ಮುಂಚೆಯೇ ಗಟ್ಟಿಯಾಗಿಬಿಟ್ಟಿತು. ಏನಾದರೂ ಮಾಡಬಹುದಾ?

ಮಾಡಬಹುದು. ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ತೀರಾ ಸಣ್ಣ ಉರಿಯ ಮೇಲೆ ಅರ್ಧ ನಿಮಿಷ ತಿರುಗಿಸಿ, ಅಥವಾ ಅಗಲ ಪಾತ್ರೆಯಲ್ಲಿ ಬಿಸಿನೀರು ಹಾಕಿ ಅದರ ಮೇಲೆ ಕೂರಿಸಿ. ತಳದ ತುಪ್ಪ ಕರಗಿ ಸಿಹಿ ಕೊಂಚ ಸಡಿಲವಾಗುತ್ತದೆ. ತಕ್ಷಣ ಕತ್ತರಿಸಿ. ಅಂಚು ಅಂಗಡಿಯದರಷ್ಟು ಚೊಕ್ಕವಾಗಿ ಬರುವುದಿಲ್ಲ, ಆದರೆ ಬಿಲ್ಲೆ ಅನ್ನಿಸಿಕೊಳ್ಳುತ್ತದೆ. ಬಿಲ್ಲೆಗಳು ತಟ್ಟೆಯಿಂದ ಏಳದೇ ಇದ್ದಾಗಲೂ ಇದೇ ಉಪಾಯ.

ಪೂರ್ತಿ ಪುಡಿಯಾಗಿದೆ. / ಎಷ್ಟು ಹೊತ್ತಾದರೂ ಗಟ್ಟಿಯಾಗುತ್ತಿಲ್ಲ.

ಎರಡೂ ಪಾಕದ ತಪ್ಪು, ಕತ್ತರಿಸುವವರ ತಪ್ಪಲ್ಲ. ಪಾಕ ಏರಿದ್ದರೆ ಪುಡಿ, ಪಾಕ ಸಾಲದಿದ್ದರೆ ಮೆತ್ತಗೆ. ಒಂದೆಳೆ ಪಾಕ ಎಂದರೆ ಸುಮಾರು 105 ಡಿಗ್ರಿ ಸೆಲ್ಸಿಯಸ್ ಹತ್ತಿರ. ಅಲ್ಲಿಂದ ಉಂಡೆ ಪಾಕದ ಮಟ್ಟಕ್ಕೆ, ಅಂದರೆ 112ರಿಂದ 116ಕ್ಕೆ, ಹೋಗಲು ಜೋರು ಉರಿಯಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದವರು ಎರಡು ಬೆರಳ ನಡುವೆ ಎಳೆದು ನೋಡುವುದು ಇದ್ದೇ ಇದೆ, ಚಮಚದಿಂದ ಒಂದು ಹನಿ ತಣಿಸಿಕೊಂಡು ನೋಡಿ, ಸುಮ್ನೆ ಬೆರಳು ಸುಟ್ಟುಕೊಳ್ಳಬೇಡಿ.

ಪುಡಿಯಾದದ್ದನ್ನು ಬಾಣಲೆಗೆ ವಾಪಸ್ ಹಾಕಿ, ಸ್ವಲ್ಪ ಹಾಲೋ ನೀರೋ ಚಿಮುಕಿಸಿ, ಸಣ್ಣ ಉರಿಯಲ್ಲಿ ಮತ್ತೆ ಒಂದಾಗುವವರೆಗೆ ತಿರುವಿ. ಕೊಬ್ಬರಿ ಮಿಠಾಯಿ, ಸೆವೆನ್ ಕಪ್ ಹೀಗೆ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತವೆ. ಗೂಡಿನ ಮೈಸೂರು ಪಾಕ್ ಮಾತ್ರ ವಾಪಸ್ ಗೂಡಾಗುವುದಿಲ್ಲ, ತಿನ್ನಲು ಏನೂ ತೊಂದರೆಯಿಲ್ಲದ ಬೇರೆ ಸಿಹಿಯಾಗುತ್ತದೆ. ಗಟ್ಟಿಯಾಗದ್ದನ್ನೂ ಒಲೆಗೇ ವಾಪಸ್ ಹಾಕಿ, ಬಾಣಲೆಯ ತಳ ಬಿಟ್ಟು ಒಂದೇ ಮುದ್ದೆಯಾಗಿ ತಿರುಗುವವರೆಗೆ.

ಬೆಲ್ಲದಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಸಕ್ಕರೆಯದರಷ್ಟು ಖಡಕ್ಕಾಗಿ ನಿಲ್ಲುವುದಿಲ್ಲ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ, ಅವು ಹರಳುಗಟ್ಟುವುದನ್ನು ತಡೆಯುತ್ತವೆ. ಅದನ್ನು ಜಾಸ್ತಿ ಹೊತ್ತು ಆರಲು ಬಿಡಿ, ಬಿಲ್ಲೆ ಕೊಂಚ ದೊಡ್ಡದು ಮಾಡಿ.

ಯಾವ ಚಾಕು ಒಳ್ಳೆಯದು?

ಬರ್ಫಿ ಜಾತಿಗೆ ಹಲ್ಲಿಲ್ಲದ, ತೆಳು ಅಲಗಿನ, ಉದ್ದ ಚಾಕು. ತಟ್ಟೆಯ ಅಗಲಕ್ಕಿಂತ ಉದ್ದ ಇದ್ದರೆ ಒಂದೇ ಒತ್ತಿಗೆ ಒಂದು ಗೆರೆ ಮುಗಿಯುತ್ತದೆ. ತರಕಾರಿ ಹೆಚ್ಚುವ ಪುಟ್ಟ ಚಾಕುವಿನಲ್ಲಿ ನಾಲ್ಕು ಸಲ ಎತ್ತಿ ಇಟ್ಟು ಮಾಡಿದ ಗೆರೆ ನಾಲ್ಕು ಕಡೆ ಸೊಟ್ಟ ಇರುತ್ತದೆ. ಉದ್ದ ಚಾಕು ಇಲ್ಲವಾ? ಅಂಚು ನೇರವಿರುವ ದೋಸೆ ಮಗುಚುವ ಕೈ ತೆಗೆದುಕೊಳ್ಳಿ. ಸ್ಟೀಲಿನದು, ತೆಳುವಾದದ್ದು. ಅದನ್ನು ಮೇಲಿಂದ ನೇರ ಒತ್ತುವುದಕ್ಕೆ ಕೈಗೆ ಹಿಡಿತ ಚೆನ್ನಾಗಿ ಸಿಗುತ್ತದೆ, ಚಾಕುವಿಗಿಂತ ನನಗೆ ಇದೇ ಇಷ್ಟ.

ಶಂಕರಪೋಳೆ ಕತ್ತರಿಸುವ ಚಕ್ರ ತೆಳು ಸಿಹಿಗಳಿಗೆ ಸರಿ. ಪಿಜ್ಜಾ ಕತ್ತರಿಸುವ ದೊಡ್ಡ ಚಕ್ರ ಕಾಜು ಕಟ್ಲಿಗೂ ಚಿಕ್ಕಿಗೂ ಬಹಳ ಚೆನ್ನ. ಅರ್ಧ ಇಂಚಿಗಿಂತ ದಪ್ಪ ಇದ್ದರೆ ಚಕ್ರ ಬೇಡ, ಅಂಚು ಇಳಿಜಾರಾಗುತ್ತದೆ. ನಾನ್‌ಸ್ಟಿಕ್ ಟ್ರೇ ಇದ್ದರೆ ಅದರೊಳಗೆ ಚಾಕು ಓಡಿಸಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಬಟರ್ ಪೇಪರ್ ಹಿಡಿದು ಎತ್ತಿ, ಹಲಗೆ ಮೇಲೆ ಇಟ್ಟು ಕತ್ತರಿಸಿ.

ಚಾಕುವನ್ನು ಬಿಸಿನೀರಲ್ಲಿ ಅದ್ದಬೇಕಾ, ತುಪ್ಪ ಸವರಬೇಕಾ?

ಸಿಹಿ ನೋಡಿಕೊಂಡು. ತುಪ್ಪ ಅಥವಾ ಚಾಕೊಲೇಟ್ ಗಟ್ಟಿಯಾಗಿ ನಿಂತ ಸಿಹಿಗೆ ಬಿಸಿ ಚಾಕು ಒಳ್ಳೆಯದು. ಬಿಸಿನೀರಲ್ಲಿ ಅದ್ದಿ, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಕತ್ತರಿಸಿ. ಒರೆಸದೆ ಹಾಗೇ ಇಟ್ಟರೆ ನೀರು ಸಕ್ಕರೆಯನ್ನು ಕರಗಿಸಿ ಬದಿಯೆಲ್ಲ ಅಂಟಂಟಾಗುತ್ತದೆ, ಮಾರನೇ ದಿನಕ್ಕೆ ಬಿಲ್ಲೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಸಕ್ಕರೆ ಪಾಕದ ಬರ್ಫಿಗೆ ತುಪ್ಪ ಸವರಿದ ಚಾಕು ಸಾಕು. ಎರಡಕ್ಕೂ ಅನ್ವಯಿಸುವ ಮಾತು: ಪ್ರತಿ ಗೆರೆಗೂ ಚಾಕು ಒರೆಸಿ. ಅಲಗಿಗೆ ಅಂಟಿದ ಚೂರು ಮುಂದಿನ ಗೆರೆಯಲ್ಲಿ ಉಳುತ್ತಾ ಹೋಗುತ್ತದೆ. ಅಂಚು ಗರಗಸದಂತೆ ಬರುವುದಕ್ಕೆ ಇದೊಂದೇ ಸಾಕು.

ಮನೆಯಲ್ಲಿ ಇರುವುದು ದುಂಡು ತಟ್ಟೆ. ಚೌಕ ಟ್ರೇ ಕೊಳ್ಳಲೇಬೇಕಾ?

ಹಬ್ಬಕ್ಕೊಮ್ಮೆ ಮಾಡುವವರು ಕೊಳ್ಳಬೇಕಿಲ್ಲ. ಆದರೆ ದುಂಡು ತಟ್ಟೆಯಲ್ಲಿ ಎಷ್ಟು ವಕ್ರ ಬಿಲ್ಲೆ ಬರುತ್ತವೆ ಅಂತ ಗೊತ್ತಿರಲಿ. ದುಂಡು ತಟ್ಟೆಯೊಳಗೆ ಹಿಡಿಸುವ ಅತಿ ದೊಡ್ಡ ಚೌಕ ತಟ್ಟೆಯ ಒಟ್ಟು ಜಾಗದ ಸುಮಾರು ಶೇಕಡ 64 ಅಷ್ಟೇ. ಅದರಾಚೆಗೂ ಒಂದಿಷ್ಟು ನೆಟ್ಟಗಿನ ಬಿಲ್ಲೆ ಸಿಗುತ್ತವೆ, ಉಳಿದವು ಕಮಾನು, ತ್ರಿಕೋನ, ಚಂದ್ರ.

ಆಕಾರ ಹೇಗಿದ್ದರೂ ಪರವಾಗಿಲ್ಲ, ಎಲ್ಲರಿಗೂ ಸಮನಾಗಿ ಬಂದರೆ ಸಾಕು ಅನ್ನುವವರಿಗೆ ಒಂದು ಚಂದದ ಲೆಕ್ಕ ಇದೆ. ತಟ್ಟೆ 24 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. ನಡುವೆ 17 ಸೆಂಟಿಮೀಟರ್ ಅಗಲದ ಬಟ್ಟಲು ಬೋರಲು ಒತ್ತಿ ಒಂದು ವೃತ್ತ ಮಾಡಿ. ಆ ವೃತ್ತದ ಒಳಗೆ ಇರುವುದೂ ಹೊರಗಿನ ಬಳೆಯಲ್ಲಿ ಇರುವುದೂ ಸರಿಸುಮಾರು ಸಮ! ನೋಡಿದರೆ ನಂಬಿಕೆ ಬರುವುದಿಲ್ಲ, ಒಳಗಿನದು ತುಂಬಾ ದೊಡ್ಡದಾಗಿ ಕಾಣುತ್ತದೆ. ಆಮೇಲೆ ನಡುವಿನಿಂದ ಅಂಚಿನವರೆಗೆ ಎಂಟು ಭಾಗ ಮಾಡಿದರೆ ಹದಿನಾರು ತುಂಡು, ಎಂಟು ತ್ರಿಕೋನ, ಎಂಟು ಬಾಗಿದವು, ತೂಕ ಎಲ್ಲಕ್ಕೂ ಹೆಚ್ಚು ಕಡಿಮೆ ಒಂದೇ. ಬೇರೆ ಅಳತೆಯ ತಟ್ಟೆಯಾದರೆ ಅಗಲದ ಹತ್ತರಲ್ಲಿ ಏಳು ಪಾಲಿನಷ್ಟು ಬಟ್ಟಲು ಹುಡುಕಿ.

ಒಂದೇ ಅಳತೆಗೆ ಗೆರೆ ಹಾಕುವುದು ಹೇಗೆ? ನನ್ನ ಕಣ್ಣಳತೆ ನಂಬುವ ಹಾಗಿಲ್ಲ.

ನಮ್ಮ ಕಣ್ಣು ಅರ್ಧವನ್ನು ಚೆನ್ನಾಗಿ ಹಿಡಿಯುತ್ತದೆ, ಐದರಲ್ಲೊಂದನ್ನು ಹಿಡಿಯುವುದಿಲ್ಲ. ಹಾಗಾಗಿ ಒಂದು ಅಂಚಿನಿಂದ ಶುರು ಮಾಡಿ ಬಿಲ್ಲೆ ಬಿಲ್ಲೆಯಾಗಿ ಹೋಗಬೇಡಿ. ಹಾಗೆ ಹೋದರೆ ಪ್ರತಿ ಗೆರೆಯ ಚಿಕ್ಕ ತಪ್ಪು ಸೇರುತ್ತಾ ಸೇರುತ್ತಾ ಕೊನೆಯ ಸಾಲು ಒಂದೋ ಡಬಲ್ ಇರುತ್ತದೆ, ಇಲ್ಲ ಕಡ್ಡಿಯಷ್ಟಿರುತ್ತದೆ. ಮೊದಲು ನಡುವೆ ಒಂದು ಗೆರೆ. ಆ ಎರಡು ಅರ್ಧಗಳ ನಡುವೆ ಒಂದೊಂದು. ಮತ್ತೆ ಅವುಗಳ ನಡುವೆ. ಎರಡು, ನಾಲ್ಕು, ಎಂಟು. ಚೌಕ ಟ್ರೇಯಲ್ಲಿ ಎರಡೂ ಕಡೆ ಹೀಗೆ ಎಂಟೆಂಟು ಮಾಡಿದರೆ 64 ಬಿಲ್ಲೆ. ಟ್ರೇ 24 ಸೆಂಟಿಮೀಟರಿನದಾದರೆ ಒಂದೊಂದೂ 3 ಸೆಂಟಿಮೀಟರ್, ಒಂದು ಗುಕ್ಕಿಗೆ ಸರಿ. 20 ಸೆಂಟಿಮೀಟರ್ ಟ್ರೇಯಲ್ಲಿ ಎಂಟೆಂಟು ಮಾಡಿದರೆ ಎರಡೂವರೆ ಸೆಂಟಿಮೀಟರ್, ಸ್ವಲ್ಪ ಚಿಕ್ಕದು, ಸೆವೆನ್ ಕಪ್‌ನಂಥ ತುಂಬಾ ಸಿಹಿಗೆ ಅದೇ ಸಾಕು. ಅದರಲ್ಲಿ ಏಳರಲ್ಲಿ ಮೂರು ಕಪ್ ಸಕ್ಕರೆಯೇ ಅಲ್ವಾ.

ಐದು, ಏಳು ಭಾಗ ಬೇಕಾದಾಗ ಸ್ಕೇಲ್ ಬೇಕು. ಟ್ರೇ 17 ಸೆಂಟಿಮೀಟರ್ ಅಗಲ, ಐದು ಸಾಲು ಬೇಕು ಅಂದುಕೊಳ್ಳಿ. 17 ಭಾಗಿಸು 5 ಅಂತ ತಲೆ ಕೆಡಿಸಿಕೊಳ್ಳಬೇಡಿ. ಮಕ್ಕಳ 30 ಸೆಂಟಿಮೀಟರ್ ಸ್ಕೇಲ್ ತಂದು ತೊಳೆದು ಒರೆಸಿ, ಸೊನ್ನೆಯನ್ನು ಎಡ ಅಂಚಿಗೆ ಹಿಡಿದು, 20 ಬಲ ಅಂಚಿಗೆ ಬರುವವರೆಗೆ ಸ್ಕೇಲನ್ನು ಓರೆ ಮಾಡಿ. ಈಗ 4, 8, 12, 16ರ ಹತ್ತಿರ ಟೂತ್‌ಪಿಕ್‌ನಿಂದ ಚುಕ್ಕೆ ಇಡಿ. ಸ್ಕೇಲನ್ನು ಅದೇ ಓರೆಯಲ್ಲಿ ಸ್ವಲ್ಪ ಕೆಳಗೆ ಜಾರಿಸಿ ಇನ್ನೊಂದು ಸಾಲು ಚುಕ್ಕೆ. ಮೇಲಿನ ಚುಕ್ಕೆಯನ್ನು ಕೆಳಗಿನದಕ್ಕೆ ಸೇರಿಸಿ ಗೆರೆ ಎಳೆದರೆ ಐದೂ ಸಮ. ಬಡಗಿಗಳು ಹಲಗೆ ಮೇಲೆ ಮಾಡುವ ಕೆಲಸವೇ ಇದು. ಬರ್ಫಿ ಸುರಿಯುವ ಮುಂಚೆಯೇ ಟ್ರೇಯ ಹೊರ ಅಂಚಿನಲ್ಲಿ ಪೆನ್ನಿನಿಂದ ಗುರುತು ಮಾಡಿಟ್ಟುಕೊಂಡರೆ ಇನ್ನೂ ಆರಾಮ, ಬಿಸಿ ಸಿಹಿಯ ಮುಂದೆ ನಿಂತು ಲೆಕ್ಕ ಹಾಕುವುದು ತಪ್ಪುತ್ತದೆ.

ಅಳತೆ ಸರಿ ಇದೆ, ಆದರೂ ಒಂದು ಬಿಲ್ಲೆ ದಪ್ಪ, ಒಂದು ತೆಳು.

ಮೇಲ್ಮೈ ಸಪಾಟಾಗಿಲ್ಲ. ಬಾಣಲೆಯಿಂದ ನಡುವಿಗೆ ಸುರಿದು ಬಿಟ್ಟರೆ ನಡು ಗುಡ್ಡವಾಗುತ್ತದೆ. ಉದ್ದಕ್ಕೂ ಸುರಿಯುತ್ತಾ ಹೋಗಿ, ಆಮೇಲೆ ತಳ ಚಪ್ಪಟೆ ಇರುವ ಬಟ್ಟಲಿನ ಹೊರಗೆ ತುಪ್ಪ ಸವರಿ ನಡುವಿನಿಂದ ಮೂಲೆಗಳ ಕಡೆ ಒತ್ತಿ ಹರಡಿ (ಗೂಡಿನ ಮೈಸೂರು ಪಾಕ್ ಬಿಟ್ಟು). ಅಡುಗೆಮನೆ ಕಟ್ಟೆ ಕೂಡ ಮಟ್ಟವಾಗಿರಬೇಕು. ಸಿಂಕ್ ಹತ್ತಿರ ಕಟ್ಟೆ ನೀರು ಹೋಗಲು ಇಳಿಜಾರಾಗಿದ್ದರೆ ಅಲ್ಲಿ ಇಡಬೇಡಿ.

ವಜ್ರದ ಆಕಾರ ನನಗೆ ಬರುವುದೇ ಇಲ್ಲ. ಒಂದು ಉದ್ದ, ಒಂದು ಗಿಡ್ಡ.

ಎರಡು ಕಡೆಯ ಗೆರೆಗಳ ನಡುವಿನ ಅಂತರ ಒಂದೇ ಇರಬೇಕು. ಇಷ್ಟೇ ಗುಟ್ಟು. ಮೊದಲ ಗೆರೆಗಳನ್ನು ಎರಡೂವರೆ ಸೆಂಟಿಮೀಟರ್‌ಗೆ ಒಂದರಂತೆ ಹಾಕಿದರೆ ಓರೆ ಗೆರೆಗಳೂ ಎರಡೂವರೆಗೇ ಇರಬೇಕು, ಅದನ್ನು ಓರೆ ಗೆರೆಗೆ ನೇರ ಅಡ್ಡಲಾಗಿ ಅಳೆಯಬೇಕು. ಹೆಚ್ಚಿನವರು ಟ್ರೇಯ ಅಂಚಿನ ಮೇಲೆ ಅಳೆಯುತ್ತಾರೆ, ಅಲ್ಲೇ ಹಾಳಾಗುವುದು.

ಓರೆ ಎಷ್ಟಿರಬೇಕು? ಮೂಲೆಯಿಂದ ಮೂಲೆಗೆ ಎಳೆದರೆ ಚೌಕ ಟ್ರೇಯಲ್ಲಿ 45 ಡಿಗ್ರಿ, ಬಿಲ್ಲೆ ಸಣಕಲಾಗಿ ಕಾಣುತ್ತದೆ. 60 ಡಿಗ್ರಿ ಲಕ್ಷಣವಾಗಿರುತ್ತದೆ. ಅದಕ್ಕೆ ಕೋನಮಾಪಕ ಬೇಡ. ಒಂದು ಮೂಲೆಯಿಂದ ನಿಮ್ಮ ಕಡೆಯ ಅಂಚಿನಲ್ಲಿ 4 ಸೆಂಟಿಮೀಟರ್‌ಗೆ ಒಂದು ಗುರುತು, ಪಕ್ಕದ ಅಂಚಿನಲ್ಲಿ 7 ಸೆಂಟಿಮೀಟರ್‌ಗೆ ಒಂದು ಗುರುತು, ಎರಡನ್ನೂ ಸೇರಿಸಿ. ಅದೇ ಮೊದಲ ಓರೆ ಗೆರೆ, ಉಳಿದವು ಅದಕ್ಕೆ ಸಮಾನಾಂತರ. ನೇರ ಗೆರೆಗಳು ನಿಮ್ಮ ಕಡೆಯ ಅಂಚಿಗೆ ಸಮಾನಾಂತರವಾಗಿರಲಿ. ಅಂಚಿನಲ್ಲಿ ತ್ರಿಕೋನಗಳು ಉಳಿಯುವುದನ್ನು ತಪ್ಪಿಸಲು ಆಗುವುದಿಲ್ಲ. ಎಣಿಸಿ ಕೊಡಬೇಕಾದ ದಿನ ಚೌಕವೇ ಮಾಡಿ, ವಜ್ರ ಬೇಡ.

ಕಾಜು ಕಟ್ಲಿ ಕತ್ತರಿಸುವಾಗ ಅಂಚು ಬಿರಿಯುತ್ತದೆ.

ಲಟ್ಟಿಸುವಾಗಲೇ ಬಿರಿದಿರುತ್ತದೆ, ಕತ್ತರಿಸುವಾಗ ಕಣ್ಣಿಗೆ ಬೀಳುತ್ತದೆ ಅಷ್ಟೇ. ಮುದ್ದೆ ಉಗುರು ಬೆಚ್ಚಗಿರುವಾಗಲೇ ಕೈಗೆ ತುಪ್ಪ ಹಚ್ಚಿಕೊಂಡು ನಯವಾಗುವಷ್ಟು ಮಾತ್ರ ನಾದಿ. ಜಾಸ್ತಿ ನಾದಿದರೆ ಗೋಡಂಬಿ ಎಣ್ಣೆ ಬಿಡುತ್ತದೆ. ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ. ದಪ್ಪ ಒಂದೇ ಸಮ ಬರಬೇಕಾದರೆ ಎರಡು ಪಕ್ಕಗಳಲ್ಲಿ ಒಂದೇ ದಪ್ಪದ ಎರಡು ಸ್ಕೇಲ್ ಇಟ್ಟು ಅದರ ಮೇಲೆ ಲಟ್ಟಣಿಗೆ ಉರುಳಿಸಿ, ಲಟ್ಟಣಿಗೆ ಸ್ಕೇಲಿಗಿಂತ ಕೆಳಗೆ ಇಳಿಯುವುದಿಲ್ಲ. ಬಿರಿದ ಅಂಚನ್ನು ಒಳಕ್ಕೆ ಮಡಚಿ ಮತ್ತೆ ಲಟ್ಟಿಸಿ. ಪೂರ್ತಿ ಆರಿದ ಮೇಲೆ ಉದ್ದ ಚಾಕುವಿನಲ್ಲಿ ಒತ್ತಿ ಕತ್ತರಿಸಿ. ಬೆಳ್ಳಿ ರೇಕು ಹಾಕುವುದಿದ್ದರೆ ಕತ್ತರಿಸುವ ಮುಂಚೆ.

ಶೇಂಗಾ ಚಿಕ್ಕಿ?

ಓಡಿ ಕತ್ತರಿಸಬೇಕು. ಬೆಲ್ಲದ ಪಾಕದ ಹನಿ ನೀರಲ್ಲಿ ಬಿದ್ದಾಗ ಗಟ್ಟಿಯಾಗಿ, ತಟ್ಟೆಗೆ ಕುಟ್ಟಿದರೆ ಟಣ್ ಅಂತ ಸದ್ದು ಬಂದರೆ ಹದ. ಅಲ್ಲಿಂದ ಮುಂದೆ ನಿಮಗೆ ಸಿಗುವ ಸಮಯ ತೀರಾ ಕಡಿಮೆ. ಶೇಂಗಾ ಮೊದಲೇ ಹುರಿದು ಸಿಪ್ಪೆ ಬಿಡಿಸಿ ಬೆಚ್ಚಗಿಟ್ಟಿರಿ, ತಣ್ಣನೆಯ ಶೇಂಗಾ ಹಾಕಿದರೆ ಪಾಕ ತಕ್ಷಣ ಬಿಗಿಯುತ್ತದೆ. ಹಲಗೆ, ಲಟ್ಟಣಿಗೆ, ಚಕ್ರ ಮೂರಕ್ಕೂ ಎಣ್ಣೆ ಸವರಿ ಕೈಗೆಟುಕುವಂತೆ ಇಟ್ಟುಕೊಂಡೇ ಒಲೆ ಆರಿಸಿ. ಲಟ್ಟಿಸಿದ ಕೂಡಲೇ ಚಕ್ರ ಓಡಿಸಿ. ಗೆರೆ ಆಳ ಬಿದ್ದರೆ ಆರಿದ ಮೇಲೆ ಕೈಯಲ್ಲೇ ಮುರಿಯಬಹುದು. ಮಳೆಗಾಲದಲ್ಲಿ ಆರಿದ ತಕ್ಷಣ ಡಬ್ಬಿಗೆ ಹಾಕಿ, ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ.

ಹಾಲುಬಾಯಿ, ಗಿಣ್ಣು ಇವು ಚಾಕುವಿಗೆ ಅಂಟಿಕೊಂಡು ಬರುತ್ತವಲ್ಲ?

ಇಲ್ಲಿ ಗೆರೆ ಹಾಕುವ ಕೆಲಸವೇ ಇಲ್ಲ. ಹಾಲುಬಾಯಿ ನಿಲ್ಲುವುದು ಅಕ್ಕಿ ಹಿಟ್ಟಿನ ಬಲದಿಂದ, ಪಾಕದಿಂದಲ್ಲ. ಪೂರ್ತಿ ತಣ್ಣಗಾದ ಮೇಲೆಯೇ ಕತ್ತರಿಸಬೇಕು. ಬೆಳಗ್ಗೆ ಮಾಡಿದರೆ ಸಂಜೆ. ತುಪ್ಪ ಅಥವಾ ಕೊಬ್ಬರಿ ಎಣ್ಣೆ ಸವರಿದ ಚಾಕು, ಎರಡು ಗೆರೆಗೊಮ್ಮೆ ಮತ್ತೆ ಸವರಿ. ಅಂಟಿಕೊಂಡರೆ ಚಾಕುವನ್ನು ಮೇಲಕ್ಕೆ ಎತ್ತಬೇಡಿ, ತಳಕ್ಕೆ ಹೋದ ಮೇಲೆ ಪಕ್ಕಕ್ಕೆ ಎಳೆದು ಹೊರಗೆ ತೆಗೆಯಿರಿ. ಗಿಣ್ಣಿಗೂ ಇದೇ. ಅದರಲ್ಲಿ ನೀರು ಬಿಟ್ಟಿದ್ದರೆ ಮೊದಲು ಬಗ್ಗಿಸಿ ತೆಗೆದು ಆಮೇಲೆ ಕತ್ತರಿಸಿ.

ಬೇಗ ಆಗಲಿ ಅಂತ ಫ್ರಿಜ್‌ನಲ್ಲಿ ಇಡಬಹುದಾ?

ಪಾಕದ ಸಿಹಿಗೆ ಬೇಡ. ಹೊರಗಿನ ಪದರ ಬಿಗಿದು ಒಳಗೆ ಮೆತ್ತಗೆ ಉಳಿಯುತ್ತದೆ, ಹೊರಗೆ ತೆಗೆದಾಗ ಮೇಲೆ ನೀರು ಹನಿಗಟ್ಟಿ ಅಂಟಾಗುತ್ತದೆ. ಹಾಲುಬಾಯಿ ಫ್ರಿಜ್‌ನಲ್ಲಿ ಇಟ್ಟರೆ ಅಕ್ಕಿ ಅನ್ನ ಬಿರುಸಾಗುವಂತೆ ಬಿರುಸಾಗುತ್ತದೆ. ಚಾಕೊಲೇಟ್ ಬರ್ಫಿ, ಮೆತ್ತನೆ ಮೈಸೂರು ಪಾಕ್, ಖರ್ಜೂರದ ರೋಲ್‌ಗೆ ಮಾತ್ರ ಫ್ರಿಜ್.

ಖರ್ಜೂರ, ಅಂಜೂರದ ರೋಲ್ ಕತ್ತರಿಸಿದರೆ ಚಪ್ಪಟೆಯಾಗುತ್ತದೆ.

ದಾರ ಬಳಸಿ. ಗಟ್ಟಿಯಾದ, ಬಣ್ಣವಿಲ್ಲದ ಹತ್ತಿ ದಾರ. ರೋಲಿನ ಕೆಳಗೆ ತೂರಿಸಿ, ಮೇಲೆ ತಂದು ಕತ್ತರಿ ಹಾಕಿದಂತೆ ಎರಡೂ ತುದಿ ಎಳೆಯಿರಿ. ಸುತ್ತಲಿಂದ ಒಂದೇ ಸಮ ಒತ್ತುವುದರಿಂದ ದುಂಡು ಕೆಡುವುದಿಲ್ಲ. ಬಾದಾಮಿ ಇಡಿಯಾಗಿ ಹಾಕಿದ್ದರೆ ದಾರ ಅಲ್ಲಿ ನಿಂತುಬಿಡುತ್ತದೆ, ಆಗ ಚಾಕುವೇ ಗತಿ.

ಮನೆ ಕೇಕ್‌ಗೆ?

ಹಲ್ಲಿನ ಚಾಕು, ಒತ್ತದೆ ಮೆಲ್ಲಗೆ ಹಿಂದೆ ಮುಂದೆ. ಬರ್ಫಿಗೆ ಹೇಳಿದ್ದರ ಪೂರ್ತಿ ಉಲ್ಟಾ. ಓವನ್ನಿನಿಂದ ತೆಗೆದ ಕೇಕ್ ಪೂರ್ತಿ ಆರದೆ ಮುಟ್ಟಬೇಡಿ, ರವೆ ಕೇಕ್ ಅಂತೂ ಬಿಸಿಯಲ್ಲಿ ಉದುರಿಹೋಗುತ್ತದೆ. ಮೇಲೆ ಕ್ರೀಮೋ ಚಾಕೊಲೇಟೋ ಇದ್ದರೆ ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕು.

ನಾವು ಅಮೆರಿಕದಲ್ಲಿದ್ದೇವೆ. ಅಮ್ಮ ಹೇಳಿದ ಹಾಗೇ ಮಾಡಿದರೂ ಗೆರೆ ಹಾಕುವಷ್ಟರಲ್ಲಿ ಕಲ್ಲಾಗಿರುತ್ತದೆ.

ದೀಪಾವಳಿ ಹೊತ್ತಿಗೆ ಅಲ್ಲಿ ಹಲವು ಕಡೆ ಚಳಿ, ಕಲ್ಲಿನ ಕಟ್ಟೆಯೂ ತಣ್ಣಗೆ. ಅದರ ಮೇಲೆ ತೆಳು ಟ್ರೇ ಇಟ್ಟರೆ ತಳದಿಂದ ಬಿಸಿ ಎಳೆದುಕೊಳ್ಳುತ್ತದೆ. ಟ್ರೇ ಅಡಿ ಮಡಚಿದ ಟವೆಲ್ ಹಾಕಿ, ಸುರಿಯುವ ಮುಂಚೆ ಟ್ರೇಯನ್ನು ಓವನ್ನಿನಲ್ಲಿ ಕೊಂಚ ಬೆಚ್ಚಗೆ ಮಾಡಿಕೊಳ್ಳಿ. ಇನ್ನೊಂದು, ಕರೆಂಟಿನ ಕಾಯಿಲ್ ಒಲೆ ಆರಿಸಿದ ಮೇಲೂ ಬಿಸಿ ಇರುತ್ತದೆ. ಬಾಣಲೆ ಅಲ್ಲೇ ಬಿಟ್ಟರೆ ಪಾಕ ಏರುತ್ತಲೇ ಇರುತ್ತದೆ, ಎತ್ತಿ ಬೇರೆ ಕಡೆ ಇಡಿ. ಒಣ ಕೊಬ್ಬರಿ ತುರಿ ಬಳಸುವವರು ಅದಕ್ಕೆ ಬೆಚ್ಚಗಿನ ಹಾಲು ಚಿಮುಕಿಸಿ ನೆನೆಸಿಟ್ಟುಕೊಳ್ಳಿ. ಹಾಗೇ ಹಾಕಿದರೆ ಪಾಕದ ನೀರನ್ನೆಲ್ಲ ಅದೇ ಕುಡಿದು ಬಿಲ್ಲೆ ಉದುರುತ್ತದೆ.

ತಟ್ಟೆಯಿಂದ ಮೊದಲ ಬಿಲ್ಲೆ ತೆಗೆಯುವಾಗಲೇ ಮುರಿಯುತ್ತದೆ.

ಮುರಿಯಲಿ. ಮೂಲೆಯ ಬಿಲ್ಲೆಯೊಂದನ್ನು ಬಲಿ ಕೊಟ್ಟರೆ ಮಿಕ್ಕವಕ್ಕೆ ಚಾಕು ಅಡಿಗೆ ತೂರಿಸಲು ಜಾಗ ಸಿಗುತ್ತದೆ. ಅದೂ ಬೇಡ ಅಂದರೆ ಬಟರ್ ಪೇಪರನ್ನು ಎರಡು ಕಡೆ ಹೊರಗೆ ಚಾಚುವಂತೆ ಹಾಸಿ ಸುರಿಯಿರಿ, ಆರಿದ ಮೇಲೆ ಇಡಿಯಾಗಿ ಎತ್ತಬಹುದು.

ಅಂಚಿನ ಚೂರು, ತ್ರಿಕೋನ, ಪುಡಿ ಏನು ಮಾಡುವುದು?

ಮನೆಯಲ್ಲಿ ಮಕ್ಕಳಿದ್ದರೆ ಈ ಪ್ರಶ್ನೆ ಬರುವುದಿಲ್ಲ. ಇಲ್ಲದಿದ್ದರೆ ಸ್ವಲ್ಪ ಬೆಚ್ಚಗೆ ಮಾಡಿ ಉಂಡೆ ಕಟ್ಟಿ. ಮೈಸೂರು ಪಾಕಿನ ಪುಡಿಯನ್ನು ಬಿಸಿ ಹಾಲಿಗೆ ಹಾಕಿ ಕುಡಿಯಬಹುದು, ಕೊಬ್ಬರಿ ಮಿಠಾಯಿ ಪುಡಿ ಹೋಳಿಗೆ ಹೂರಣಕ್ಕೆ ಸೇರುತ್ತದೆ.

ಡಬ್ಬಿಯಲ್ಲಿಟ್ಟ ಮೇಲೆ ಒಂದಕ್ಕೊಂದು ಅಂಟುತ್ತವೆ, ಮೂಲೆ ಮುರಿಯುತ್ತವೆ.

ಬೆಚ್ಚಗಿರುವಾಗ ಮುಚ್ಚಳ ಹಾಕಿದ್ದೀರಿ, ಆವಿ ಒಳಗೇ ನೀರಾಗಿದೆ. ಬಿಲ್ಲೆಗಳನ್ನು ಬಿಡಿಸಿ ತಟ್ಟೆಯಲ್ಲಿ ಒಂದು ಗಂಟೆ ಹರಡಿ, ಕತ್ತರಿಸಿದ ಬದಿಗಳೂ ಒಣಗಲಿ. ಡಬ್ಬಿಯಲ್ಲಿ ಸಾಲು ಸಾಲಿಗೆ ನಡುವೆ ಬಟರ್ ಪೇಪರ್. ಕೊರಿಯರ್‌ನಲ್ಲಿ ಕಳಿಸುವುದಾದರೆ ಅಲುಗಾಡಲು ಜಾಗ ಇರದಂತೆ ತುಂಬಿ, ಮೇಲೆ ಉಳಿದ ಜಾಗಕ್ಕೆ ಪೇಪರ್ ಮುದ್ದೆ ಮಾಡಿ ತುರುಕಿ. ಗೂಡಿನ ಮೈಸೂರು ಪಾಕನ್ನು ಎರಡು ಸಾಲಿಗಿಂತ ಜಾಸ್ತಿ ಪೇರಿಸಬೇಡಿ, ಹಸಿ ತೆಂಗಿನಕಾಯಿಯ ಮಿಠಾಯಿಯನ್ನು ದೂರದೂರಿಗೆ ಕಳಿಸಲೇ ಬೇಡಿ.